ಈ ಕಡೆ ಒಂದು ಚಪ್ಪಲಿ, ಆ ಕಡೆ ಒಂದು ಚಪ್ಪಲಿ

ಹೋದ ವಾರ ನನ್ನ ಆಟದ ಬಗ್ಗೆ ಒಂದು ದೂರು ಬಂತು. ದೂರು ಬಂತು ಎಂದರೆ ಯಾರೋ ಒಬ್ಬರು ಆಡಿದ್ದಾರೆ ಎಂದಾಯಿತು. ಹಾಗಾಗಿ ಮೊದಲು ನನಗೆ ಖುಷಿಯೇ ಆಯಿತು. ಮೊಬೈಲಿನಲ್ಲಿ ಆಡುವ ಆಟ ಅದು, ನಾನೇ ಮಾಡಿದ್ದು. ಹೊಸಪೇಟೆಯ ಫೋಟೋ ಸ್ಟುಡಿಯೋ ಒಂದರಲ್ಲಿ ಮದುವೆ ಆಲ್ಬಂ ಜೋಡಿಸುವ ಹೆಂಗಸು ವಿಡಿಯೋ ಗೇಮ್ ಮಾಡಿದ್ದಾಳೆ ಎಂದರೆ ನಮ್ಮ ಓಣಿಯ ಅರ್ಧ ಜನ ಈಗಲೂ ನಂಬುವುದಿಲ್ಲ. ನಾನು ಗೇಮ್ ಆಡುವ ಚಟಕ್ಕೆ ಬಿದ್ದಿದ್ದೇನೆ ಎಂದೇ ತಿಳಿದಿದ್ದಾರೆ. ಉಳಿದ ಅರ್ಧ ಜನ ನಂಬುತ್ತಾರೆ, ನಂಬಿ ತಮ್ಮ ಫೋನು ಹ್ಯಾಂಗ್ ಆದಾಗ ನನ್ನ ಹತ್ತಿರ ತರುತ್ತಾರೆ.

ದೂರು ಹೀಗಿತ್ತು: "ಆಟ ಪರವಾಗಿಲ್ಲ. ಆದರೆ ಗುಡಿಯ ಬಾಗಿಲ ಎಡಕ್ಕೆ ಒಂದು ಚಪ್ಪಲಿ, ಬಲಗಡೆ ಕಂಬದ ಹಿಂದೆ ಇನ್ನೊಂದು ಚಪ್ಪಲಿ ಬಿದ್ದಿದೆ. ಒಂದರ ಪಟ್ಟಿ ನೀಲಿ, ಇನ್ನೊಂದರದು ಹಸಿರು. ಎಷ್ಟು ಒತ್ತಿದರೂ ಎತ್ತಿಕೊಳ್ಳಲು ಆಗುವುದಿಲ್ಲ. ಸರಿ ಮಾಡಿ." ಕೆಳಗೆ ಐದಕ್ಕೆ ಎರಡು ನಕ್ಷತ್ರ.

ಸರಿ ಮಾಡುವುದು ದೊಡ್ಡ ಕೆಲಸವಲ್ಲ. ಲ್ಯಾಪ್‌ಟಾಪಿನಲ್ಲಿ ಆ ಎರಡು ಚಪ್ಪಲಿಗಳನ್ನು ಆರಿಸಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೆ ನಾನು ಇನ್ನೂ ಒತ್ತಿಲ್ಲ. ಇಂದು ಬೆಳಿಗ್ಗೆಯ ತನಕ ಆ ಪುಣ್ಯಾತ್ಮರಿಗೆ ಉತ್ತರವನ್ನೂ ಬರೆದಿರಲಿಲ್ಲ. ಯಾಕೆಂದರೆ ಅವು ನಮ್ಮ ಅತ್ತೆಯ ಚಪ್ಪಲಿ. ಅತ್ತೆ, ಅಂದರೆ ನಮ್ಮ ಮನೆಯವರ ತಾಯಿ, ಈ ಸಲದ ಬೇಸಿಗೆ ಶುರುವಾಗುವ ಮೊದಲೇ ತೀರಿಕೊಂಡರು. ನನ್ನ ಆಟವನ್ನು ಮೊಟ್ಟಮೊದಲು ಆಡಿದವರು ಅವರು. ಬಹಳ ಕಾಲ ಅವರೊಬ್ಬರೇ ಆಡಿದವರು.

ಆಟದೊಳಗೆ ಅತ್ತೆಯ ಚಪ್ಪಲಿ ಹೇಗೆ ಹೋಯಿತು ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಹೇಳುತ್ತೇನೆ.

ಇದೆಲ್ಲ ಶುರುವಾದದ್ದು ಒಂದು ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಆಲ್ಬಂ ಇಲ್ಲ, ಆಲ್ಬಂ ಇಲ್ಲದಿದ್ದರೆ ಸ್ಟುಡಿಯೋದಲ್ಲಿ ನೊಣ ಓಡಿಸುವ ಕೆಲಸ. ಹಾಗೆ ನೊಣ ಓಡಿಸುತ್ತ ಕುಳಿತಿದ್ದಾಗ ಯೂಟ್ಯೂಬಿನಲ್ಲಿ ಒಬ್ಬ, ಯಾರು ಬೇಕಾದರೂ ವಿಡಿಯೋ ಗೇಮ್ ಮಾಡಬಹುದು, ಬಹಳ ಸಿಂಪಲ್ ಎಂದ. ಕಂಪ್ಲಿಯಲ್ಲಿ ಪಿಯುಸಿ ಮುಗಿಸಿದವಳು ನಾನು, ಅದೂ ಆರ್ಟ್ಸ್. ಯಾರು ಬೇಕಾದರೂ ಎಂದರೆ ಅದರಲ್ಲಿ ನಾನೂ ಬಂದೆನಲ್ಲ ಅನ್ನಿಸಿತು. ಈ ಸಿಂಪಲ್ ಎಂಬ ಮಾತನ್ನು ಆತ ಯಾವಾಗ ಹೇಳುತ್ತಾನೆ ಎಂದು ಆಮೇಲೆ ನನಗೆ ತಿಳಿಯಿತು. ಎಲ್ಲಿ ನಮಗೆ ಏನೂ ಅರ್ಥವಾಗುವುದಿಲ್ಲವೋ ಸರಿಯಾಗಿ ಅಲ್ಲಿ ಹೇಳುತ್ತಾನೆ.

ಆತನ ಇಂಗ್ಲಿಷು ಬಿರುಗಾಳಿಯಂತೆ ಬರುತ್ತಿತ್ತು. ಹಾಗಾಗಿ ಮನೆಗೆ ಬಂದ ಮೇಲೆ ವಿಡಿಯೋದ ವೇಗವನ್ನು ಅರ್ಧಕ್ಕೆ ಇಳಿಸಿ ಕೇಳುತ್ತಿದ್ದೆ. ಅಡುಗೆಮನೆಯಿಂದ ಅತ್ತೆ ಕಿವಿಗೊಟ್ಟು ಕೇಳಿ ಬಾಗಿಲಿಗೆ ಬಂದರು.

"ಏ ರೇಣುಕಾ, ಯಾರಬೇ ಅವ? ಕುಡುದಾನೇನು?"

"ಇಲ್ಲ ಅತ್ತಿ, ಪಾಠ ಹೇಳಾಕತ್ತಾನ."

"ಕುಡುದು ಪಾಠ ಹೇಳ್ತಾನ? ಮೊದಲು ಮನಿಗೆ ಕಳಸ ಅವನ್ನ."

ನನ್ನ ಮೊದಲ ಯೋಜನೆ ಸಣ್ಣದೇನೂ ಆಗಿರಲಿಲ್ಲ. ಇಡೀ ವಿಜಯನಗರವನ್ನೇ ಕಟ್ಟುವುದು ಎಂದುಕೊಂಡಿದ್ದೆ. ಏಳು ಸುತ್ತಿನ ಕೋಟೆ, ಆನೆಲಾಯ, ಮುತ್ತುರತ್ನ ಮಾರುವ ಬಜಾರು, ಕುದುರೆ ವ್ಯಾಪಾರಿಗಳು, ಯುದ್ಧ. ಹಂಪಿ ನಮಗೆ ಬಸ್ಸಿನಲ್ಲಿ ಹತ್ತಿ ಕುಳಿತರೆ ಕಡಲೆ ತಿನ್ನುವಷ್ಟರಲ್ಲಿ ಬರುತ್ತದೆ, ಹಾಗಾಗಿ ಹತ್ತಿರವಿರುವುದೆಲ್ಲ ಸುಲಭ ಎಂಬ ಭ್ರಮೆ. ಮಧ್ಯಾಹ್ನ ಅಕ್ಕಿ ಹಸನು ಮಾಡುತ್ತಿದ್ದ ಅತ್ತೆಗೆ ಇದನ್ನೆಲ್ಲ ಹುರುಪಿನಿಂದ ಹೇಳಿದೆ. ಅವರು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

"ಇಷ್ಟು ಆನಿ ಕುದರಿ ಯಾರು ಬರೀತಾರ?"

"ನಾನ ಬರೀತೀನಿ ಅತ್ತಿ."

"ಒಂದು ಬರದು ತೋರ್ಸು."

ಸಂಜೆವರೆಗೆ ಕುಳಿತು ಒಂದು ಆನೆ ಬರೆದು ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು, ಪರದೆಯನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡಿದರು. "ಎಮ್ಮಿ ಮಸ್ತ್ ಬಂದೈತಿ ನೋಡು" ಎಂದರು. ವಿಜಯನಗರ ಸಾಮ್ರಾಜ್ಯ ಅಂದೇ ಸಂಜೆ ಪತನವಾಯಿತು.

ಕಡೆಗೆ ಉಳಿದದ್ದು ಬಹಳ ಸಣ್ಣ ಆಟ. ಒಬ್ಬ ಹೆಂಗಸು ತೋಟದಿಂದ ಬಾಳೆಹಣ್ಣಿನ ಬುಟ್ಟಿ ಹೊತ್ತುಕೊಂಡು, ಬಂಡೆಗಳ ನಡುವೆ ಹಾದು, ಗುಡಿಗೆ ಹೋಗಿ ಹಣ್ಣು ಕೊಡಬೇಕು. ದಾರಿಯಲ್ಲಿ ಮಂಗಗಳು ಕಿತ್ತುಕೊಳ್ಳುತ್ತವೆ. ಹಂಪಿಗೆ ಹೋಗಿ ಬಂದವರಿಗೆಲ್ಲ ಈ ಆಟ ಮೊದಲೇ ಗೊತ್ತು. ಕೈಯಲ್ಲಿ ಫೋನ್ ಇಲ್ಲದೆ ಆಡಿರುತ್ತಾರೆ.

ಆಟ ಕಟ್ಟುವುದು ನನಗೆ ಹೊಸದು ಎಂದರೆ ಅದೂ ಪೂರ್ತಿ ನಿಜವಲ್ಲ. ಕಂಪ್ಲಿಯಲ್ಲಿ ನಮ್ಮ ಮನೆಯ ಹಿಂದೆ ಒಂದು ರೈಸ್ ಮಿಲ್ಲು ಇತ್ತು. ಭತ್ತ ಒಣಗಿಸಲು ಅದಕ್ಕೊಂದು ದೊಡ್ಡ ಸಿಮೆಂಟಿನ ಕಣ. ಭತ್ತ ಇಲ್ಲದ ದಿನ ಆ ಕಣ ನಮ್ಮದು. ಹಂಚಿನ ಚೂರಿನಿಂದ ಗೆರೆ ಎಳೆದು ದಿನಕ್ಕೊಂದು ಹೊಸ ಆಟ ಹುಟ್ಟಿಸುತ್ತಿದ್ದೆವು. ಒಂದೇ ನಿಯಮವೆಂದರೆ, ಸೋತವರು ಮರುದಿನ ನಿಯಮ ಬದಲಾಯಿಸಬಹುದು. ಸಂಜೆ ಮನೆಗೆ ಬಂದರೆ ಕೂದಲ ತುಂಬ ತೌಡು, ಅಂಗಾಲು ಕಾದ ಸಿಮೆಂಟಿಗೆ ಕೆಂಪಗೆ. ಆ ಕಾಲು ನೋಡಿ ಅವ್ವ ಬೈಯುವಾಗಲೂ ನಾನು ನಾಳೆಯ ನಿಯಮ ಯೋಚಿಸುತ್ತಿದ್ದೆ. ದೊಡ್ಡವಳಾದ ಮೇಲೆ ಆ ಯೋಚನೆ ಎಲ್ಲಿ ಹೋಗಿತ್ತೋ. ಮದುವೆ ಆಲ್ಬಮ್ಮಿನಲ್ಲಿ ವಧುವಿನ ಹಿಂದೆ ಹಂಸ ಕೂರಿಸುವಾಗ ಅದು ಖಂಡಿತ ನನ್ನ ಹತ್ತಿರ ಇರಲಿಲ್ಲ.

ಹಂಸದ ಮಾತು ಬಂತಲ್ಲ, ಆಲ್ಬಂ ಕೆಲಸದ ರೂಢಿ ನನ್ನ ಆಟಕ್ಕೂ ಅಂಟಿಕೊಂಡಿತ್ತು. ನನ್ನ ಮೊದಲ ಆಕಾಶ ಗುಲಾಬಿ ಬಣ್ಣದ್ದು, ಮೂಲೆಯಲ್ಲಿ ಗುಲಾಬಿ ಹೂವೂ ಇದ್ದವು. ಬಂಡೆಗಳಿಗೆಲ್ಲ ಚಿನ್ನದ ಅಂಚು. ಬಾಳೆಹಣ್ಣಿನ ಹೆಂಗಸಿನ ಮುಖಕ್ಕೆ ಕೈ ತನ್ನಷ್ಟಕ್ಕೇ ಬಿಳುಪು ಹಚ್ಚಿಬಿಟ್ಟಿತ್ತು. ಸಂಡೂರಿನ ಕಡೆ ಅದಿರಿನ ಲಾರಿಗಳ ರಿಪೇರಿ ಮಾಡುವ ನಮ್ಮ ಮನೆಯವರು ಕೆಂಪು ಧೂಳು ಮೆತ್ತಿಕೊಂಡು ಮನೆಗೆ ಬಂದು, ಕೈ ತೊಳೆಯದೆ ದೂರದಿಂದಲೇ ನೋಡಿ ಕೇಳಿದರು:

"ಯಾರ ಲಗ್ನ ಇದು?"

ಆಮೇಲೆ ಲ್ಯಾಪ್‌ಟಾಪು. ಸ್ಟುಡಿಯೋದವರು ಹಳೆಯದೆಂದು ಕೊಟ್ಟದ್ದು. ಆಟ ಕಟ್ಟುವ ಸಾಫ್ಟ್‌ವೇರ್ ತೆರೆದರೆ ರೊಟ್ಟಿ ಸುಡುವಷ್ಟು ಕಾಯುತ್ತಿತ್ತು. ಕೆಳಗೆ ಗಾಳಿ ಆಡಲೆಂದು ಬಿದಿರಿನ ಮೊರವನ್ನು ಬೋರಲು ಹಾಕಿ ಅದರ ಮೇಲೆ ಇಡುತ್ತಿದ್ದೆ. ಮೊರ ಅತ್ತೆಯದು. ಹಾಗಾಗಿ ನನ್ನ ಕೆಲಸದ ವೇಳೆಯನ್ನು ನಿರ್ಧರಿಸುತ್ತಿದ್ದದ್ದು ನಮ್ಮ ಮನೆಯ ಅಕ್ಕಿ.

"ನಿನ್ನ ಮಷಿನ್ ಎಬ್ಬಸವ್ವಾ, ಮೊರ ಬೇಕು."

"ಈಗ ತಾನ ಚಾಲೂ ಆಗೇತ್ರಿ ಅತ್ತಿ, ಒಂದೀಟು ತಡೀರಿ."

"ಅಕ್ಕಿ ತಡೀತೈತಿ. ನಿನ್ನ ಗಂಡನ ಹೊಟ್ಟಿ ತಡೀತೈತೇನು ಕೇಳು."

ಮೊದಲ ಸಲ ಆಟ ಚಾಲೂ ಆದ ದಿನವನ್ನು ನಾನು ಮರೆಯಲಾರೆ. ಹೆಂಗಸು ಪರದೆಯ ಮೇಲೆ ಬಂದಳು, ಬುಟ್ಟಿ ತಲೆಯ ಮೇಲಿತ್ತು, ಎಲ್ಲ ಚೆನ್ನಾಗಿತ್ತು. ಮರುಕ್ಷಣ ನೆಲದೊಳಗೆ ಇಳಿದು ಕಾಣೆಯಾದಳು. ನೆಲವನ್ನು ಬರೆದಿದ್ದೆ, ಆದರೆ ಅದು ಗಟ್ಟಿ ಎಂದು ಕಂಪ್ಯೂಟರಿಗೆ ಹೇಳಿರಲಿಲ್ಲ. ಈ ಕೆಲಸದಲ್ಲಿ ಎಲ್ಲವನ್ನೂ ಹೇಳಬೇಕು. ನೆಲ ಗಟ್ಟಿ, ಬಂಡೆ ಗಟ್ಟಿ, ಗಾಳಿ ಗಟ್ಟಿಯಲ್ಲ.

"ಎಲ್ಲಿ ಹೋದ್ಲಬೇ ಆಕಿ?" ಎಂದರು ಅತ್ತೆ.

"ಕೆಳಗ ಬಿದ್ಲು ಅತ್ತಿ. ತಳ ಇಲ್ಲ, ಬೀಳಾಕಹತ್ತಾಳ."

ಅತ್ತೆ ಎದ್ದು ಹೋಗಿ ಒಲೆಯ ಮೇಲಿನ ಸಾರು ನೋಡಿದರು, ಎದುರು ಮನೆಯವರ ಜೊತೆ ಕರಿಬೇವಿನ ಮಾತಾಡಿದರು, ಊಟಕ್ಕೆ ಬಡಿಸಿದರು. ನನ್ನ ತಟ್ಟೆಗೆ ಎರಡನೇ ರೊಟ್ಟಿ ಹಾಕುತ್ತ ಮೆಲ್ಲಗೆ ಕೇಳಿದರು: "ಇನ್ನಾ ಬೀಳಾಕಹತ್ತಾಳೇನು?"

"ಹೌದ್ರಿ."

"ಪಾಪ, ಬುಟ್ಟಿ ಬ್ಯಾರೆ ತಲಿ ಮ್ಯಾಲ ಐತಿ. ಜಲ್ದಿ ಊಟ ಮಾಡಿ ಹಿಡಿಯವ್ವಾ."

ಅಂದಿನಿಂದ ಅತ್ತೆ ನನ್ನ ಆಟದ ಪರೀಕ್ಷಕರಾದರು. ನಮ್ಮ ಮನೆಯವರ ಹಳೆಯ ಫೋನಿಗೆ ಆಟವನ್ನು ಹಾಕಿಕೊಟ್ಟೆ. ಆ ಹುದ್ದೆಗೆ ಅವರಲ್ಲಿ ಒಂದೇ ಅರ್ಹತೆ ಇತ್ತು, ಸೋಲಲು ಒಪ್ಪದಿರುವುದು. ಚೌಕಾಬಾರದಲ್ಲಿ ಅವರು ಕವಡೆ ಬಿಡುವಾಗ ಹೆಬ್ಬೆರಳಿನಿಂದ ಒಂದನ್ನು ಮಗುಚುತ್ತಿದ್ದರು. ಓಣಿಗೆಲ್ಲ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ನನ್ನ ಆಟದಲ್ಲಿ ಕವಡೆ ಇರಲಿಲ್ಲವಾದ್ದರಿಂದ ಅವರು ಬೇರೆ ದಾರಿ ಹುಡುಕಿದರು. ತೋಟದಿಂದ ಹೊರಗೇ ಬರಲಿಲ್ಲ. ಹೆಂಗಸನ್ನು ಬಾಳೆಗಿಡದ ಕೆಳಗೆ ನಿಲ್ಲಿಸಿ, ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಸೊಪ್ಪು ಸೋಸುತ್ತ ಕುಳಿತರು.

"ಅತ್ತಿ, ಮುಂದ ಹೋಗ್ರಿ."

"ಯಾಕ? ಇಲ್ಲಿ ಮಂಗ್ಯಾ ಬರಂಗಿಲ್ಲ. ಹಣ್ಣು ಪೂರಾ ಅದಾವ."

"ಹಂಗಾದ್ರ ಗೆಲ್ಲಂಗಿಲ್ಲಲ್ರಿ."

"ಸೋಲಂಗೂ ಇಲ್ಲಲ್ಲ."

ಯೂಟ್ಯೂಬಿನ ಯಾವ ಪಾಠದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ತೋಟದಲ್ಲೇ ನಿಂತರೆ ಹಣ್ಣು ಕಪ್ಪಾಗುವಂತೆ ಮಾಡಿದೆ. ಅತ್ತೆ ನನ್ನ ಜೊತೆ ಅರ್ಧ ದಿನ ಮಾತು ಬಿಟ್ಟರು.

ಸದ್ದಿನದು ಇನ್ನೊಂದು ಕಥೆ. ಗುಡಿಯ ಗಂಟೆಗೆ ಮನೆಯ ಪೂಜೆಯ ಗಂಟೆಯನ್ನೇ ಬಾರಿಸಿ ಫೋನಿನಲ್ಲಿ ಹಿಡಿದೆ. ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರು ಸುರಿಸುತ್ತ. ಕೇಳಿ ನೋಡಿದರೆ ಗಂಟೆಯ ನಾದ ತೇಲಿ ಹೋಗುವ ಕೊನೆಗೆ ಸ್ಪಷ್ಟವಾಗಿ, "ಏ ರೇಣುಕಾ, ಹಾಲು ಉಕ್ಕಾಕಹತ್ತೈತಿ!" ಎಂದು ಅತ್ತೆಯ ದನಿ. ಮತ್ತೆ ಹಿಡಿಯಲು ಪುರಸೊತ್ತಿರಲಿಲ್ಲ. ಒಂದು ಭಾನುವಾರ ಪೂರ್ತಿ ಕುಳಿತು, ಸದ್ದು ತಿದ್ದುವುದನ್ನು ಕಲಿತು, ಗಂಟೆಯ ನಾದ ಉಳಿಸಿಕೊಂಡು ದನಿಯನ್ನು ಮಾತ್ರ ಅಳಿಸಿದೆ. ಚೂರೂ ಗುರುತು ಉಳಿಯಲಿಲ್ಲ. ಅದನ್ನು ಎಲ್ಲರಿಗೂ ಹೆಮ್ಮೆಯಿಂದ ಕೇಳಿಸಿದ್ದೆ, ಅತ್ತೆಗೂ ಕೇಳಿಸಿದ್ದೆ. ಆ ಕೆಲಸವನ್ನು ಅಷ್ಟು ಚೆನ್ನಾಗಿ ಕಲಿಯದಿದ್ದರೂ ನಡೆಯುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಚಪ್ಪಲಿಗೆ ಬರೋಣ.

ಗುಡಿ ಕಟ್ಟಿ ಮುಗಿಸಿದ ದಿನ ಅತ್ತೆ ಬಹಳ ಹುಷಾರಿನಿಂದ ಮಂಗಗಳನ್ನು ತಪ್ಪಿಸಿ ಬುಟ್ಟಿ ತುಂಬ ಹಣ್ಣಿನೊಂದಿಗೆ ಬಾಗಿಲ ತನಕ ಬಂದರು. ಬಂದು ನಿಂತುಬಿಟ್ಟರು. ಇನ್ನೊಂದು ಹೆಜ್ಜೆ ಇಟ್ಟರೆ ಗೆಲುವು.

"ಒಳಗ ಹೋಗ್ರಿ ಅತ್ತಿ."

"ಚಪ್ಪಲಿ ಎಲ್ಲಿ ಬಿಡ್ಲಿ?"

"ಚಪ್ಪಲಿ ಎಲ್ಲಿ ಅದಾವ್ರಿ? ಗೊಂಬಿ ಅದು."

"ಕಾಲಾಗ ನೀಲಿ ಕಾಣಾಕಹತ್ತಾವಲ್ಲ, ಏನವು?"

ಅವು ಚಪ್ಪಲಿಯೇ. ನನಗೆ ಕಾಲ್ಬೆರಳು ಬರೆಯಲು ಬರುತ್ತಿರಲಿಲ್ಲ. ಎಷ್ಟು ಬರೆದರೂ ಕಡಲೆಕಾಯಿ ಗೊಂಚಲಿನ ಹಾಗೆ ಕಾಣುತ್ತಿದ್ದವು. ಅದನ್ನು ಮುಚ್ಚಲು ಎರಡು ನೀಲಿ ಚುಕ್ಕಿ ಇಟ್ಟಿದ್ದೆ. ಮೆಟ್ಟಿಕೊಂಡ ಕಾಲಿನಲ್ಲಿ ಗುಡಿಯೊಳಗೆ ಹೋಗಲು ಸಾಧ್ಯವಿಲ್ಲ ಎಂದು ಅತ್ತೆ ಫೋನನ್ನು ಕೆಳಗಿಟ್ಟರು. ಗೆಲುವು ಬಿಟ್ಟುಕೊಟ್ಟರು! ಸೋಲನ್ನೇ ಒಪ್ಪದವರು. ನಾನು ಚಪ್ಪಲಿ ಬಿಡಿಸುವ ಕೆಲಸಕ್ಕೆ ಕುಳಿತೆ.

ಚಪ್ಪಲಿ ಬಿಡುವುದು ಎಷ್ಟು ದೊಡ್ಡ ಕೆಲಸ ಎಂದು ನೀವು ಯಾವತ್ತಾದರೂ ಯೋಚಿಸಿದ್ದೀರಾ? ನಾನೂ ಯೋಚಿಸಿರಲಿಲ್ಲ. ನಡೆಯಲು ಕಲಿತ ಮಗುವೂ ಮಾಡುತ್ತದೆ. ಆದರೆ ಕಂಪ್ಯೂಟರಿಗೆ ಹೇಳಿ ನೋಡಿ. ಕಾಲಿನಿಂದ ಬಿಟ್ಟ ಮೇಲೆ ಚಪ್ಪಲಿ ಅಲ್ಲೇ ಇರಬೇಕು ಎಂದು ಹೇಳದಿದ್ದರೆ ಅವು ಹೆಂಗಸಿನ ಹಿಂದೆ ನಾಯಿಮರಿಯ ಹಾಗೆ ಗುಡಿಯೊಳಗೆ ನಡೆದು ಬರುತ್ತವೆ. ಅದನ್ನು ತಡೆದರೆ ಅವಳು ಹೊರಗೆ ಬಂದಾಗ ನಾಲ್ಕು ಚಪ್ಪಲಿ ಇರುತ್ತವೆ. ಅದನ್ನೂ ಸರಿಪಡಿಸಿದರೆ ಮಂಗ ಬಂದು ಹಣ್ಣು ಬಿಟ್ಟು ಚಪ್ಪಲಿ ತಿನ್ನುತ್ತದೆ. ಇಷ್ಟಾಗಿ ಬರಿಗಾಲು ಕಾಣಿಸಬೇಕಲ್ಲ, ಮತ್ತೆ ಕಾಲ್ಬೆರಳು ಬರೆಯಬೇಕು. ಅಷ್ಟು ದಿನ ಯಾವುದರಿಂದ ತಪ್ಪಿಸಿಕೊಂಡಿದ್ದೆನೋ ಅದೇ ಬಂದು ಎದುರು ನಿಂತಿತು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕುಳಿತು, "ನೋಡ್ಕೊಂಡು ಬರಿ" ಎಂದರು. ನನ್ನ ಬಾಳೆಹಣ್ಣಿನ ಹೆಂಗಸಿಗೆ ಇರುವುದು ಅತ್ತೆಯ ಕಾಲು. ಹೆಬ್ಬೆರಳಿನ ಪಕ್ಕದ ಬೆರಳು ತುಸು ಉದ್ದ.

ಆಮೇಲೆ ಚಪ್ಪಲಿ ಬಿಡುವ ಜಾಗವನ್ನು ಸರಿಯಾಗಿ ನೋಡಿಕೊಂಡು ಬರೋಣ ಎಂದು ಒಂದು ಭಾನುವಾರ ಮೂವರೂ ಹಂಪಿಗೆ ಹೋದೆವು. ಬಂದವರೆಲ್ಲ ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ನೆಲಕ್ಕೆ ಕುಕ್ಕರುಗಾಲಲ್ಲಿ ಕುಳಿತು ಚಪ್ಪಲಿ ರಾಶಿಯ ಫೋಟೋ ತೆಗೆಯುತ್ತಿದ್ದೆ. ಆಟೋದವನೊಬ್ಬ ಬಹಳ ಹೊತ್ತು ನೋಡಿ, ತಡೆಯಲಾರದೆ, "ಅಕ್ಕಾರ, ಗುಡಿ ಮ್ಯಾಲ ಐತ್ರಿ" ಎಂದ.

ಅತ್ತೆ ಚಪ್ಪಲಿ ಬಿಟ್ಟದ್ದನ್ನು ಆಗ ನೋಡಿದೆ. ಎಷ್ಟು ವರ್ಷದಿಂದ ಜೊತೆಗಿದ್ದರೂ ಅಂದಿನವರೆಗೆ ಗಮನಿಸಿರಲಿಲ್ಲ. ರಾಶಿಯ ಹತ್ತಿರವೂ ಹೋಗಲಿಲ್ಲ. ಬಾಗಿಲ ಎಡಕ್ಕೆ ಗೋಡೆಯ ಬುಡದಲ್ಲಿ ಒಂದನ್ನು ಬಿಟ್ಟರು. ಒಂದು ಕಾಲು ಬರಿಗಾಲು, ಒಂದು ಕಾಲಲ್ಲಿ ಚಪ್ಪಲಿ, ಹಾಗೇ ಕುಂಟುತ್ತ ಬಲಗಡೆಗೆ ನಡೆದು ಕಂಬದ ಹಿಂದೆ ಇನ್ನೊಂದನ್ನು ಬಿಟ್ಟರು.

"ಹಿಂಗ್ಯಾಕ್ರಿ ಅತ್ತಿ?"

"ಜೋಡಿ ಇದ್ರ ಕಳ್ಳ ಒಯ್ತಾನ. ಒಂದ ತೊಗೊಂಡು ಏನ್ ಮಾಡ್ತಾನ?"

"ನಿನ್ನ ಚಪ್ಪಲಿ ಯಾವ ಕಳ್ಳ ಒಯ್ಯಬೇಕಬೇ?" ಎಂದು ಮಗ ನಕ್ಕರು. ನಗುವಂಥದ್ದೇ. ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಓಡುವಾಗ ಒಂದರ ಪಟ್ಟಿ ಕಿತ್ತಿತ್ತು. ಅಲ್ಲೇ ಹೊಲಿಯುವವರ ಹತ್ತಿರ ನೀಲಿ ಪಟ್ಟಿ ಇರಲಿಲ್ಲ, ಹಸಿರು ಹಾಕಿಸಿಕೊಂಡಿದ್ದರು. ಎರಡು ಬಣ್ಣದ ಆ ಹವಾಯಿ ಚಪ್ಪಲಿಯನ್ನು ಒಯ್ಯಲು ಬರುವ ಕಳ್ಳನ ಮೇಲೆ ಅತ್ತೆಗೆ ಅಚಲ ವಿಶ್ವಾಸ.

"ನಗಲೇ ಬಸ್ಯಾ, ನಗು. ನೀ ಸಣ್ಣಾಂವ ಇದ್ದಾಗ ಜಾತ್ರ್ಯಾಗ ಹೊಸಾ ಬೂಟು ಕಳ್ಕೊಂಡು ಅಳ್ಕೊಂತ ಬಂದವ ಯಾರಲೇ? ಹೊತ್ಕೊಂಡು ಬಂದಾಕಿ ನಾನು."

ಆಟದಲ್ಲೂ ಹಾಗೇ ಬೇಕೆಂದರು. ಒಂದು ಸಲ ಒತ್ತಿದರೆ ಒಂದು ಚಪ್ಪಲಿ, ಇನ್ನೊಂದು ಸಲ ಒತ್ತಿದರೆ ಇನ್ನೊಂದು. ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಿಟ್ಟರೆ ಹೆಂಗಸು ಕುಪ್ಪಳಿಸಬೇಕು, ಕುಪ್ಪಳಿಸಿದರೆ ಬುಟ್ಟಿಯ ಹಣ್ಣು ಉದುರಬೇಕು. ಇದನ್ನು ಮಾಡುವಾಗ ನನಗೆ ಮಿಲ್ಲಿನ ಕಣದಲ್ಲಿ ಕೆಂಪಾದ ನನ್ನದೇ ಅಂಗಾಲು ನೆನಪಾಗುತ್ತಿತ್ತು. ಈವರೆಗೆ ಆಟ ಆಡಿದ ಹತ್ತಾರು ಜನರಲ್ಲಿ ಯಾರಾದರೂ ಒಳ್ಳೆಯ ಮಾತು ಬರೆದಿದ್ದರೆ ಅದು ಆ ಕುಪ್ಪಳಿಸುವುದರ ಬಗ್ಗೆ. ನನ್ನ ಗುಲಾಬಿ ಆಕಾಶದ ಬಗ್ಗೆ ಯಾರೂ ಏನೂ ಬರೆದಿಲ್ಲ.

ಅತ್ತೆ ಈಗ ಗುಡಿಯೊಳಗೆ ಹೋಗಲು ಒಪ್ಪಿದರು. ಆದರೆ ಹೊಸ ತೊಂದರೆ ಶುರುವಾಯಿತು. ಒಳಗೆ ಹೋಗಿ ಗೆದ್ದ ಮೇಲೂ ಆಟ ನಿಲ್ಲಿಸುತ್ತಿರಲಿಲ್ಲ. ಹೆಂಗಸನ್ನು ಹೊರಗೆ ಕರೆದುಕೊಂಡು ಬಂದು, ಎಡಕ್ಕೆ ಹೋಗಿ ಒಂದು, ಬಲಕ್ಕೆ ಹೋಗಿ ಒಂದು, ಎರಡೂ ಚಪ್ಪಲಿ ಮೆಟ್ಟಿಸಿಯೇ ಫೋನು ಕೆಳಗಿಡುತ್ತಿದ್ದರು. ಒಲೆಯ ಮೇಲೆ ಏನು ಉಕ್ಕಿದರೂ ಸರಿ. "ಬಿಟ್ಟು ಬಂದ್ರ ಹೆಂಗಬೇ? ಮನಿಗೆ ಬರಿಗಾಲಾಗ ಹೋಗ್ತಾಳೇನು?" ಗೆದ್ದವರು ಮನೆಗೂ ಹೋಗಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ನನ್ನ ಲೆಕ್ಕದಲ್ಲಿ ಗೆಲುವಿನ ಮುಂದೆ ಏನೂ ಇರಲಿಲ್ಲ.

ಅವರಿಗೆ ಎದೆನೋವು ಬಂದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದಾಗ ಫೋನನ್ನೂ ತಂದಿದ್ದರು. ನೋವು ಕಡಿಮೆಯಾಗಿತ್ತು. ಪಕ್ಕದ ಹಾಸಿಗೆಯ ಹೆಂಗಸಿಗೆ, "ನಮ್ಮ ಸೊಸಿ ಮಾಡ್ಯಾಳ. ಎಮ್ಮಿ ಚೊಲೊ ಬರೀತಾಳ" ಎಂದು ತೋರಿಸುತ್ತಿದ್ದರು. ಮಧ್ಯಾಹ್ನ ಆಟ ಆಡುತ್ತಿರುವಾಗಲೇ ಏನೋ ತಪಾಸಣೆಗೆಂದು ಗಾಲಿ ಕುರ್ಚಿ ತಂದರು. ಅತ್ತೆ ಆಗಷ್ಟೇ ಗುಡಿಯೊಳಗೆ ಹೋಗಿದ್ದರು. ಹೊರಗೆ ಬರುವ ತನಕ ನಿಲ್ಲಿ ಎಂದರು. ಕುರ್ಚಿ ತಂದವರಿಗೆ ಅವಸರವಿತ್ತು. ಕಡೆಗೆ ಫೋನನ್ನು ನನ್ನ ಕೈಗೆ ಕೊಟ್ಟು ಹೇಳಿದರು:

"ಚಪ್ಪಲಿ ಹೊರಗ ಬಿಟ್ಟೀನಿ. ನೋಡ್ಕೋ."

"ನೋಡ್ಕೋತೀನಿ, ನೀವು ಹೋಗಿ ಬರ್ರಿ."

ಅವರು ಬರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಊರಿಗೆ ಹೊರಡುವಾಗ ನಮ್ಮ ಮನೆಯವರು ವಾರ್ಡಿನ ಹೊರಗೆ ಅವ್ವನ ಚಪ್ಪಲಿ ಹುಡುಕಲು ಶುರು ಮಾಡಿದರು. ನೀಲಿ ಪಟ್ಟಿಯದು ಬಾಗಿಲ ಹತ್ತಿರವೇ ಸಿಕ್ಕಿತು. ಹಸಿರಿನದು ಸಿಗಲಿಲ್ಲ. ಬಂದ ದಿನ ಅಷ್ಟು ನೋವಿನಲ್ಲೂ ಅತ್ತೆ ಅವನ್ನು ಬೇರೆ ಬೇರೆ ಕಡೆ ಬಿಟ್ಟಿದ್ದರು. ಕಳ್ಳನಿಗೆ ಹೆದರಿ. ಗಾಡಿ ಕಾಯುತ್ತಿತ್ತು, ನೆಂಟರು ಕರೆಯುತ್ತಿದ್ದರು. ಇವರು ಮಾತ್ರ ಬೆಂಚಿನ ಕೆಳಗೆ, ಮೆಟ್ಟಿಲ ಹಿಂದೆ, ನೀರಿನ ಟ್ಯಾಂಕಿನ ಹತ್ತಿರ ಹುಡುಕುತ್ತಲೇ ಇದ್ದರು. ಹುಡುಕುವಷ್ಟು ಹೊತ್ತು ಬೇರೇನೂ ಮಾಡಬೇಕಿಲ್ಲ ಎಂಬಂತೆ. ನಾನೂ ಕರೆಯಲಿಲ್ಲ. ಕೊನೆಗೆ ಒಂದನ್ನೇ ಪೇಪರಿನಲ್ಲಿ ಸುತ್ತಿಕೊಂಡು ಬಂದು ಗಾಡಿ ಹತ್ತಿದರು.

ಆಟ ಬಹಳ ದಿನ ಹಾಗೇ ಬಿದ್ದಿತ್ತು. ಮೊರ ಈಗ ಯಾವ ಹೊತ್ತಿನಲ್ಲಿ ಬೇಕಾದರೂ ಖಾಲಿ, ಆದರೆ ಲ್ಯಾಪ್‌ಟಾಪು ಮುಟ್ಟಲು ಮನಸ್ಸು ಬರುತ್ತಿರಲಿಲ್ಲ. ಅತ್ತೆ ಆಡುತ್ತಿದ್ದ ಫೋನನ್ನು ದೇವರ ಗೂಡಿನ ಪಕ್ಕ ಇಟ್ಟಿದ್ದೆ. ಒಂದು ದಿನ ನೋಡಿದರೆ ಅದರ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಏಳುತ್ತಿತ್ತು. ಅದು ಇನ್ನು ಹೆಚ್ಚು ದಿನ ಬದುಕುವುದಿಲ್ಲ, ಅತ್ತೆ ಅರ್ಧಕ್ಕೆ ಬಿಟ್ಟ ಆಟವೂ ಅದರ ಜೊತೆಗೇ ಹೋಗುತ್ತದೆ. ಅದನ್ನು ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿಸುವುದು ನನಗೆ ಬರುವುದಿಲ್ಲ. ಅಷ್ಟು ದೊಡ್ಡ ಗೇಮ್ ಮಾಡುವವಳು ನಾನಲ್ಲ.

ಕೊನೆಯ ಸಲ ಎಂದು ಆ ಫೋನಿನಲ್ಲಿ ಆಟ ತೆರೆದೆ. ಹೆಂಗಸು ಗುಡಿಯೊಳಗೆ ಗಂಟೆಯ ಕೆಳಗೆ ನಿಂತಿದ್ದಳು. ಹೊರಗೆ ಎಡಕ್ಕೆ ಗೋಡೆಯ ಬುಡದಲ್ಲಿ ಒಂದು ಚಪ್ಪಲಿ, ಬಲಗಡೆ ಕಂಬದ ಹಿಂದೆ ಒಂದು. ಅವಳನ್ನು ಹೊರಗೆ ಕರೆತಂದು ಮೆಟ್ಟಿಸಿಬಿಡಲೇ ಎಂದುಕೊಂಡೆ. ಬೆರಳು ಏಳಲಿಲ್ಲ. ಲ್ಯಾಪ್‌ಟಾಪು ತೆರೆದು, ಮೊರದ ಮೇಲಿಟ್ಟು, ಅದೇ ಜಾಗದಲ್ಲಿ ಎರಡು ಚಪ್ಪಲಿ ಬರೆದೆ. ಒಂದಕ್ಕೆ ನೀಲಿ ಪಟ್ಟಿ, ಒಂದಕ್ಕೆ ಹಸಿರು. ಯಾರ ಫೋನಿನಲ್ಲಿ ಆಡಿದರೂ ಅವು ಅಲ್ಲಿರುತ್ತವೆ. ಮಂಗ ಮುಟ್ಟದಂತೆ ಮಾಡಿದೆ. ಯಾರೂ ಎತ್ತದಂತೆ ಮಾಡಿದೆ. ಆಮೇಲೆ ಆಟವನ್ನು ಜಗತ್ತಿಗೆ ಬಿಟ್ಟೆ. ಜಗತ್ತು ಎಂದರೆ ಸದ್ಯಕ್ಕೆ ಹತ್ತಾರು ಜನ, ಅದರಲ್ಲಿ ಸ್ಟುಡಿಯೋದವರೇ ಕೆಲವರು.

ಈಗ ದೂರು.

ನಿನ್ನೆ ಸಂಜೆ ನಮ್ಮ ಮನೆಯವರು ಕೈಕಾಲು ತೊಳೆದು ಬಂದು ಒಗ್ಗರಣೆ ಮಂಡಕ್ಕಿ ತಿನ್ನುತ್ತ ಕುಳಿತಾಗ ಓದಿ ತೋರಿಸಿದೆ. ಎರಡು ನಕ್ಷತ್ರವನ್ನೂ ತೋರಿಸಿದೆ.

"ತಗದು ಹಾಕಿದ್ರ ನಕ್ಷತ್ರ ಜಾಸ್ತಿ ಕೊಡ್ತಾರೇನು?" ಎಂದರು.

"ಕೊಡಬಹುದು."

ಮಂಡಕ್ಕಿಯ ಜೊತೆಗಿದ್ದ ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟರು. ಬಾಗಿಲ ಹಿಂದೆ ಪೇಪರಿನಲ್ಲಿ ಸುತ್ತಿಟ್ಟ ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ. ಇಬ್ಬರೂ ಆ ಕಡೆ ನೋಡಲಿಲ್ಲ.

"ಹಸಿರುದು ಐತಿ ಅಲ್ಲ ಅದರಾಗ?"

"ಐತಿ. ಕಂಬದ ಹಿಂದ."

"ತೋರ್ಸು."

ಆಟ ತೆರೆದು ಗುಡಿಯ ತನಕ ನಡೆಸಿ ತೋರಿಸಿದೆ. ಫೋನನ್ನು ಇಸಿದುಕೊಂಡು ಕಂಬದ ಹಿಂದೆ ಬಗ್ಗಿ ನೋಡುವವರ ಹಾಗೆ ತಲೆ ವಾಲಿಸಿ ನೋಡಿದರು. ಒಂದು ಸಲ ಬೆರಳಿನಿಂದ ಒತ್ತಿದರು. ಚಪ್ಪಲಿ ಅಲ್ಲಾಡಲಿಲ್ಲ. ಅಷ್ಟರಲ್ಲಿ ಮಂಗ ಬಂದು ಬುಟ್ಟಿಯಿಂದ ಹಣ್ಣು ಕಿತ್ತುಕೊಂಡು ಹೋಯಿತು.

"ಗಟ್ಟಿ ಕುಂದ್ರಿಸೀದಿ," ಎಂದರು. "ಇರಲಿ ಬಿಡು. ಎರಡು ಸ್ಟಾರ್ ಏನ್ ಕಮ್ಮಿ ಅಲ್ಲ."

ಇಂದು ಬೆಳಿಗ್ಗೆ ಅಕ್ಕಿ ಹಸನು ಮಾಡಿ ಮೊರ ಖಾಲಿಯಾದ ಮೇಲೆ ಲ್ಯಾಪ್‌ಟಾಪು ತೆರೆದು ಉತ್ತರ ಬರೆದೆ. ದೊಡ್ಡದಾಗಿ ಬರೆದು ಅಳಿಸಿದೆ. ಅತ್ತೆಯ ಬಗ್ಗೆ ಬರೆದು ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟೇ:

"ಆಟ ಆಡಿದ್ದಕ್ಕೆ ಧನ್ಯವಾದ. ಆ ಚಪ್ಪಲಿ ತಪ್ಪಿನಿಂದ ಬಿದ್ದದ್ದಲ್ಲ. ಅವುಗಳ ಯಜಮಾನಿ ಗುಡಿಯೊಳಗೆ ಹೋಗಿದ್ದಾರೆ. ನೋಡಿಕೋ ಎಂದು ಹೇಳಿ ಹೋಗಿದ್ದಾರೆ, ನೋಡಿಕೊಳ್ಳುತ್ತಿದ್ದೇನೆ."